ಮೂಳೆಮಜ್ಜೆಯ ಕ್ಯಾನ್ಸರ್: ಮೊದಲ ಇಂಜೆಕ್ಷನ್‌ಗೂ ಮುಂಚೆ ಮನೆಯಲ್ಲಿ ಆಗಬೇಕಾದದ್ದು

ನಡು ನೋವನ್ನು ನಮ್ಮವರು ಕಾಯಿಲೆ ಅಂತ ಲೆಕ್ಕಕ್ಕೇ ಹಿಡಿಯೋದಿಲ್ಲ. ದಿನವಿಡೀ ಅಂಗಡಿಯಲ್ಲಿ ನಿಂತವರಿಗೆ, ಮೂಟೆ ಎತ್ತಿದವರಿಗೆ ನಡು ನೋಯದೆ ಇನ್ನೇನಾಗುತ್ತೆ ಎಂದು ಮೆಡಿಕಲ್ ಶಾಪಿನಿಂದ ಎರಡು ಮಾತ್ರೆ ತಂದು ನುಂಗಿ ಮಲಗುತ್ತೇವೆ. ಹೆಚ್ಚಿನ ನಡು ನೋವು ಹಾಗೇ ಹೋಗಿಬಿಡುತ್ತದೆ, ನಿಜ. ಆದರೆ ವಯಸ್ಸಾದವರಲ್ಲಿ ತಿಂಗಳುಗಟ್ಟಲೆ ಬಿಡದ ಮೂಳೆ ನೋವು, ಜೊತೆಗೆ ಕಾರಣವಿಲ್ಲದ ಸುಸ್ತು, ರಕ್ತ ಕಡಿಮೆ, ರಿಪೋರ್ಟಿನಲ್ಲಿ ಕ್ರಿಯಾಟಿನಿನ್ ಜಾಸ್ತಿ ಬಂದರೆ ಡಾಕ್ಟರು ಅನುಮಾನಿಸುವ ಕಾಯಿಲೆಗಳಲ್ಲಿ ಒಂದು ಮಲ್ಟಿಪಲ್ ಮೈಲೋಮಾ.

ಇತ್ತೀಚೆಗೆ ನಮ್ಮ ವಿದ್ಯಾನಗರದ ಒಂದು ಮನೆಗೂ ಈ ಹೆಸರು ಬಂತು. ವ್ಯಾಪಾರಕ್ಕೆಂದು ಕರಾವಳಿಯಿಂದ ದಾವಣಗೆರೆಗೆ ಬಂದು ನೆಲೆಸಿದ ಕುಟುಂಬ. ಮಕ್ಕಳು ಫೈಲು ಹಿಡಿದುಕೊಂಡು ಬಂದರು. ಅವರು ಕೇಳಿದ ಮೊದಲ ಪ್ರಶ್ನೆ ಮದ್ದಿನದ್ದಲ್ಲ, ಖರ್ಚಿನದ್ದೂ ಅಲ್ಲ. "ಉಸ್ತಾದ್, ಇದನ್ನು ಬಾಪನಿಗೆ ಹೇಳಬೇಕಾ, ಬೇಡವಾ?"

ನಾವು ಡಾಕ್ಟರಲ್ಲ, ಮದ್ರಸದಲ್ಲಿ ಪಾಠ ಹೇಳುವವರು. ಆದರೂ ಆ ಕುಟುಂಬದ ಜೊತೆ ಆಸ್ಪತ್ರೆಗೆ ಓಡಾಡಿ, ಡಾಕ್ಟರು ಹೇಳಿದ್ದನ್ನು ಕೇಳಿ ತಿಳಿದುಕೊಂಡದ್ದನ್ನು ಇಲ್ಲಿ ಹಂಚಿಕೊಳ್ಳುತ್ತಿದ್ದೇವೆ. ನಾಳೆ ಇನ್ನೊಂದು ಮನೆಗೆ ಉಪಯೋಗ ಆದೀತು.

ಮೊದಲು ಕಾಯಿಲೆ ಏನೆಂದು ನೋಡೋಣ. ನಮ್ಮ ಮೂಳೆಯೊಳಗಿನ ಮಜ್ಜೆಯಲ್ಲಿ ಪ್ಲಾಸ್ಮಾ ಕಣಗಳು ಅಂತ ಇವೆ. ಸೋಂಕಿನ ವಿರುದ್ಧ ಹೋರಾಡುವ ಪ್ರತಿಕಾಯಗಳನ್ನು ತಯಾರು ಮಾಡುವುದು ಅವುಗಳ ಕೆಲಸ. ಅವು ಹದ ತಪ್ಪಿ ಬೆಳೆದರೆ ಕೆಲಸಕ್ಕೆ ಬಾರದ ಒಂದೇ ಬಗೆಯ ಪ್ರೋಟೀನ್ ಸುರಿಸುತ್ತವೆ. ಮೂಳೆ ಸವೆಯುತ್ತದೆ, ರಕ್ತದಲ್ಲಿ ಕ್ಯಾಲ್ಸಿಯಂ ಏರುತ್ತದೆ, ಆ ಪ್ರೋಟೀನ್ ಕಿಡ್ನಿಯ ಸಣ್ಣ ನಾಳಗಳನ್ನು ಕಟ್ಟುತ್ತದೆ. ಸಾಮಾನ್ಯವಾಗಿ ಕೈಗೆ ಸಿಗುವ ಗಡ್ಡೆ ಇರುವುದಿಲ್ಲ. ಹಾಗಾಗಿಯೇ ಗೊತ್ತಾಗೋದು ತಡ.

ಈಗ ಬಾಪನ ಪ್ರಶ್ನೆಗೆ ಬರೋಣ. ಹೇಳಲೇಬೇಕು. ಇದು ಧೈರ್ಯದ ಮಾತಲ್ಲ, ಚಿಕಿತ್ಸೆಯೇ ಹಾಗಿದೆ. ಸಾಮಾನ್ಯವಾಗಿ ಮೂರು ಮದ್ದು ಸೇರಿಸಿ ಶುರು ಮಾಡುತ್ತಾರೆ. ಬೋರ್ಟೆಝೋಮಿಬ್ ಅನ್ನು ಹೊಟ್ಟೆಯ ಅಥವಾ ತೊಡೆಯ ಚರ್ಮದಡಿ ಇಂಜೆಕ್ಷನ್ ಆಗಿ ಕೊಡುತ್ತಾರೆ. ಲೆನಾಲಿಡೊಮೈಡ್ ಕ್ಯಾಪ್ಸೂಲನ್ನು ಹೆಚ್ಚಾಗಿ 21 ದಿನ ತಗೊಂಡು 7 ದಿನ ಬಿಡುವುದು. ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್ ಮಾತ್ರೆ ವಾರದ ಗೊತ್ತಾದ ದಿನಗಳಲ್ಲಿ. ಕೆಲವರಿಗೆ ಡಾರಾಟುಮುಮಾಬ್ ಎಂಬ ನಾಲ್ಕನೆಯದೂ ಸೇರುತ್ತದೆ. ಕಿಡ್ನಿ, ವಯಸ್ಸು ನೋಡಿ ಡಾಕ್ಟರು ಬದಲಿಸುತ್ತಾರೆ. ಇದರಲ್ಲಿ ಇಂಜೆಕ್ಷನ್‌ನಿಂದ ಪಾದ ಜೋಮು ಹಿಡಿಯಬಹುದು, ಉರಿಯಬಹುದು. ಅದು ಸ್ಕ್ಯಾನಿನಲ್ಲಿ ಕಾಣೋದಿಲ್ಲ, ರೋಗಿಯೇ ಬಾಯಿಬಿಟ್ಟು ಹೇಳಬೇಕು. ಬೇಗ ಹೇಳಿದರೆ ಡೋಸು ಇಳಿಸಿ ನರ ಉಳಿಸುತ್ತಾರೆ. ತನಗೇನಾಗಿದೆ ಎಂದೇ ಗೊತ್ತಿಲ್ಲದವರು ಏನೆಂದು ಹೇಳ್ತಾರೆ? ಹೇಳಿದ ದಿನ ಆ ಹಿರಿಯರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಕೇಳಿದ್ದು ಇಷ್ಟೇ: "ಇಂಜೆಕ್ಷನ್ ಯಾವ ವಾರ? ಅಂಗಡಿಗೆ ಯಾರನ್ನ ಕೂರಿಸೋದು?"

ಎರಡನೆಯದು ಕಿಡ್ನಿ. ಮೊದಲ ದಿನದಿಂದಲೇ ಮನೆಯವರು ಮಾಡಬಹುದಾದ ದೊಡ್ಡ ಉಪಕಾರ, ಡೈಕ್ಲೋಫೆನಾಕ್, ಐಬುಪ್ರೊಫೇನ್ ತರಹದ ನೋವಿನ ಮಾತ್ರೆಗಳನ್ನು ಮನೆಯಿಂದ ಹೊರಗಿಡುವುದು. ಅವು ಮೊದಲೇ ಬಳಲಿದ ಕಿಡ್ನಿಯನ್ನು ಇನ್ನೂ ಕೆಡಿಸುತ್ತವೆ. ನೋವಿಗೆ ಬೇರೆ ಮದ್ದುಗಳಿವೆ, ಡಾಕ್ಟರೇ ಬರೆದುಕೊಡಲಿ. ನೀರು ಚೆನ್ನಾಗಿ ಕುಡಿಯಬೇಕು. ಹೃದಯ, ಕಿಡ್ನಿಯ ಕಾರಣಕ್ಕೆ ಡಾಕ್ಟರು ಮಿತಿ ಹಾಕಿದ್ದರೆ ಮಾತ್ರ ಆ ಲೆಕ್ಕ ಬೇರೆ.

ನಮ್ಮ ಸಮುದಾಯಕ್ಕೆ ಮುಖ್ಯವಾದ ಮಾತು ಇಲ್ಲೇ ಬರುತ್ತದೆ: ನೋಂಬು. ಇಷ್ಟು ವರ್ಷ ಒಂದೂ ಬಿಟ್ಟಿಲ್ಲ, ಈಗ ಬಿಡೋದಾ ಎಂದು ಹಿರಿಯರು ಹಠ ಹಿಡಿಯುತ್ತಾರೆ. ಕಿಡ್ನಿಗೆ ನೀರು ಬೇಕಾದ ಹೊತ್ತಲ್ಲಿ ಹಗಲಿಡೀ ನೀರಿಲ್ಲದೆ ಇರುವುದು ಅಪಾಯ. ರೋಗಿಗೆ ನೋಂಬಿನಲ್ಲಿ ರಿಯಾಯಿತಿ ಕೊಟ್ಟಿರುವುದು ನಾವಲ್ಲ, ಕುರ್‌ಆನ್‌ನ ಅಲ್-ಬಕರ ಅಧ್ಯಾಯ. ಗುಣವಾದ ಮೇಲೆ ಬೇರೆ ದಿನಗಳಲ್ಲಿ ಪೂರೈಸಬಹುದು, ಆ ಭರವಸೆ ಇಲ್ಲದಿದ್ದರೆ ಫಿದ್ಯ ಇದೆ. ಯಾವುದು ಅನ್ವಯ ಎಂದು ಡಾಕ್ಟರ ಮಾತು ಕೇಳಿಕೊಂಡು ನಿಮ್ಮ ಖತೀಬರಲ್ಲಿ ವಿಚಾರಿಸಿ. ಮನೆಯವರು "ಒಂದು ದಿನ ಹಿಡಿದು ನೋಡಲಿ" ಅನ್ನುವುದು ಬೇಡ.

ಹಾಗೆಯೇ ಕರಿಜೀರಿಗೆ, ಕಷಾಯ, ಹಿಜಾಮ. ಏನು ತಗೊಂಡರೂ ಡಾಕ್ಟರಿಗೆ ಮುಚ್ಚಿಡಬೇಡಿ. ಪ್ಲೇಟ್‌ಲೆಟ್ ಇಳಿದಿರುವಾಗ ಹಿಜಾಮ ಮಾಡಿಸಿದರೆ ರಕ್ತ ನಿಲ್ಲದೆ ಹೋಗಬಹುದು. ಗ್ರೀನ್ ಟೀ ಒಳ್ಳೆಯದೆಂದು ಕುಡಿಸುವವರಿದ್ದಾರೆ. ಅದು ಬೋರ್ಟೆಝೋಮಿಬ್‌ನ ಕೆಲಸಕ್ಕೆ ಅಡ್ಡಿ ಆಗಬಹುದೆಂದು ಅದನ್ನು ಬಿಡಲು ಹೇಳುತ್ತಾರೆ.

ಸ್ಟೀರಾಯ್ಡ್ ತಗೊಂಡ ದಿನ ಸಕ್ಕರೆ ಏರುತ್ತದೆ, ನಿದ್ದೆ ಬರೋದಿಲ್ಲ, ಸಣ್ಣದಕ್ಕೂ ಸಿಟ್ಟು. ಶುಗರ್ ಇದ್ದವರ ಮನೆಯಲ್ಲಿ ಆ ದಿನಗಳಲ್ಲಿ ಬಿಡದೆ ಚೆಕ್ ಮಾಡಬೇಕು. ಆ ಬೈಗುಳ ಮದ್ದಿನದ್ದು, ಬಾಪನದ್ದಲ್ಲ ಎಂದು ಸೊಸೆಯಂದಿರಿಗೂ ಮೊಮ್ಮಕ್ಕಳಿಗೂ ಹೇಳಿಡಿ. ಮೂಳೆ ಗಟ್ಟಿ ಮಾಡುವ ಝೋಲೆಡ್ರೋನಿಕ್ ಆಸಿಡ್ ಡ್ರಿಪ್‌ಗೆ ಮುಂಚೆ ಹಲ್ಲಿನ ಡಾಕ್ಟರಿಗೆ ತೋರಿಸಿ. ಆಮೇಲೆ ಹಲ್ಲು ಕೀಳಿಸಿದರೆ ದವಡೆಯ ಮೂಳೆಗೆ ತೊಂದರೆ ಆಗುವುದುಂಟು. ಸರ್ಪಸುತ್ತು ಬಾರದಂತೆ, ರಕ್ತ ಹೆಪ್ಪುಗಟ್ಟದಂತೆ ಕೊಡುವ ಸಣ್ಣ ಮಾತ್ರೆಗಳನ್ನು "ಇವು ಯಾಕೆ" ಎಂದು ನಿಲ್ಲಿಸಬೇಡಿ. ಲೆನಾಲಿಡೊಮೈಡ್ ಕ್ಯಾಪ್ಸೂಲನ್ನು ಗರ್ಭಿಣಿಯರು ಮುಟ್ಟಬಾರದು, ಮಗುವಿಗೆ ಅಪಾಯ. ಜ್ವರ 100.4 ದಾಟಿದರೆ, ಕಾಲಿನ ಬಲ ಹೋದರೆ, ಮೂತ್ರ ಕಟ್ಟಿದರೆ ಬೆಳಗಾಗಲಿ ಎಂದು ಕಾಯದೆ ಆಗಲೇ ಆಸ್ಪತ್ರೆಗೆ ಹೋಗಿ.

ನಾಲ್ಕಾರು ತಿಂಗಳ ಮೇಲೆ, ದೇಹ ತಾಳುತ್ತದೆ ಎಂದಾದರೆ ಕಾಂಡಕೋಶ ಕಸಿ ಮಾಡುತ್ತಾರೆ. "ಮಜ್ಜೆ ಯಾರು ಕೊಡೋದು?" ಎಂದು ಅಣ್ಣ ತಮ್ಮಂದಿರು ಹೆದರಿ ಕೂತಿದ್ದರು. ಈ ಕಾಯಿಲೆಯಲ್ಲಿ ಸಾಮಾನ್ಯವಾಗಿ ರೋಗಿಯ ಸ್ವಂತ ಕೋಶಗಳನ್ನೇ ತೆಗೆದಿಟ್ಟು, ಮೆಲ್ಫಲಾನ್ ಎಂಬ ಬಲವಾದ ಮದ್ದು ಕೊಟ್ಟ ಮೇಲೆ ವಾಪಸ್ ಏರಿಸುತ್ತಾರೆ. ಯಾರ ಮುಂದೆಯೂ ಕೈ ಚಾಚಬೇಕಿಲ್ಲ.

ಇಷ್ಟೆಲ್ಲ ಮಾಡಿ ಬದುಕಿದವರಿದ್ದಾರಾ ಎಂದು ಕೇಳುವವರಿಗೆ ಒಂದು ಉದಾಹರಣೆ. 2001ರಲ್ಲಿ ಶಿವರಾಜ್‌ಕುಮಾರ್ ಜೊತೆ 'ಯುವರಾಜ' ಕನ್ನಡ ಸಿನಿಮಾದಲ್ಲಿ ನಟಿಸಿದ್ದ ಲೀಸಾ ರೇ ಅವರಿಗೆ 2009ರಲ್ಲಿ, 37ನೇ ವಯಸ್ಸಿನಲ್ಲಿ ಇದೇ ಕಾಯಿಲೆ ಪತ್ತೆಯಾಯಿತು. ಸ್ಟೀರಾಯ್ಡ್‌ನಿಂದ ಮುಖ ಊದಿಕೊಂಡಿದ್ದಾಗಲೇ ಅವರು ಆ ವರ್ಷದ ಟೊರೊಂಟೊ ಸಿನಿಮೋತ್ಸವಕ್ಕೆ ಹೋದರು, ಕಾಯಿಲೆಯನ್ನು ಬಚ್ಚಿಡಲಿಲ್ಲ. ಕಸಿ ಆಯಿತು. ಆಮೇಲೆ ಮದುವೆ, ಮಕ್ಕಳು, ಪುಸ್ತಕ ಎಲ್ಲ ಆಯಿತು. ಎಲ್ಲರ ಕಾಯಿಲೆಯೂ ಒಂದೇ ತರಹ ಇರೋದಿಲ್ಲ. ಮೈಲೋಮಾ ಪೂರ್ತಿ ಬೇರು ಕಿತ್ತು ಹೋಗುವುದು ಅಪರೂಪ, ಮರಳಿ ಬರಬಹುದು ಎಂದೂ ಡಾಕ್ಟರು ಹೇಳುತ್ತಾರೆ. ಆದರೆ ಈ ಮದ್ದುಗಳಲ್ಲಿ ಹಲವು 2000ದ ನಂತರ ಬಂದವು. ಬೋರ್ಟೆಝೋಮಿಬ್‌ಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 2003ರಲ್ಲಿ. ಈಗ ನಮ್ಮ ದೇಶದ ಕಂಪನಿಗಳೇ ತಯಾರಿಸುವುದರಿಂದ ಬೆಲೆ ಇಳಿದಿದೆ. ಕಾಯಿಲೆಯನ್ನು ಹತೋಟಿಯಲ್ಲಿಟ್ಟು ವರ್ಷಗಟ್ಟಲೆ ಬದುಕುವವರು ಇಂದು ಬಹಳ.

ಇನ್ನು ಖರ್ಚು. ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ಎಪಿಎಲ್‌ನವರಿಗೆ ಪ್ಯಾಕೇಜಿನ ಶೇ. 30ರಷ್ಟು, ವರ್ಷಕ್ಕೆ 1.5 ಲಕ್ಷದವರೆಗೆ. ಖಾಸಗಿ ಆಸ್ಪತ್ರೆಗೆ ಹೋಗುವುದಾದರೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಬೇಕಾಗುತ್ತದೆ. ದಾವಣಗೆರೆಯವರು ಚಿಗಟೇರಿ ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ. ಬೆಂಗಳೂರಿನಲ್ಲಿ 1973ರಿಂದ ಸರ್ಕಾರದ ಕಿದ್ವಾಯಿ ಆಸ್ಪತ್ರೆ ಇದೆ. ಚಿಕಿತ್ಸೆಗೆ ಓಡಾಡುವ ಕ್ಯಾನ್ಸರ್ ರೋಗಿಗೂ ಜೊತೆಗಿರುವ ಒಬ್ಬರಿಗೂ ರೈಲಿನಲ್ಲಿ ರಿಯಾಯಿತಿ ಉಂಟು. ಆಸ್ಪತ್ರೆಯಿಂದ ಅದರ ಫಾರಂ ಬರೆಸಿಕೊಳ್ಳಿ.

ಜಮಾಅತ್‌ನವರಿಗೂ ಒಂದು ಕೋರಿಕೆ. ಸಹಾಯ ಅಂದ ಕೂಡಲೇ ಒಂದು ಸಲ ಹಣ ಎತ್ತಿ ಕೊಟ್ಟು ಕೈ ತೊಳೆದುಕೊಳ್ಳುವುದು ಬೇಡ. ಇದು ತಿಂಗಳುಗಟ್ಟಲೆ, ವಾರ ವಾರ ನಡೆಯುವ ಚಿಕಿತ್ಸೆ. ಯಾವ ವಾರ ಯಾರ ಗಾಡಿ, ಯಾರು ಜೊತೆಗೆ, ಅಂಗಡಿಯಲ್ಲಿ ಯಾರು ಎಂದು ನಾಲ್ಕು ಜನ ಕೂತು ಪಟ್ಟಿ ಬರೆದರೆ ಸಾಕು. ವಿದ್ಯಾನಗರದ ಆ ಮನೆಯಲ್ಲಿ ಈಗ ಅಂಥದ್ದೊಂದು ಪಟ್ಟಿ ಫ್ರಿಜ್ಜಿನ ಬಾಗಿಲಿಗೆ ಅಂಟಿದೆ. ಮೊದಲ ಸುತ್ತಿನ ಇಂಜೆಕ್ಷನ್ ಮುಗಿದಿವೆ, ಎರಡನೇ ಸುತ್ತಿಗೆ ದಿನ ಗೊತ್ತಾಗಿದೆ. ದುಆದಲ್ಲಿ ಅವರನ್ನೂ ನೆನೆಯಿರಿ.