ಕುಂಕುಮದ ಗುಡ್ಡೆಯ ಆಚೆ

ಬೆಳಕು ಹರಿಯುವ ಹೊತ್ತಿಗೆ ಮೈಸೂರಿನ ದೇವರಾಜ ಮಾರುಕಟ್ಟೆಯ ಹೂವಿನ ಸಾಲಿಗೆ ಕಾಲಿಟ್ಟರೆ ಕಣ್ಣಿಗಿಂತ ಮೊದಲು ಮೂಗಿಗೆ ಕೆಲಸ. ಒದ್ದೆ ಗೋಣಿಚೀಲ, ಮಲ್ಲಿಗೆ, ಮರುಗ, ನಿನ್ನೆಯಿಂದ ಕಾಲಡಿಯಲ್ಲಿ ತುಳಿಸಿಕೊಂಡು ಕೊಳೆತ ಸೇವಂತಿಗೆಯ ಎಸಳು, ಇವೆಲ್ಲದರ ಮಧ್ಯೆ ಎಲ್ಲೋ ಕುದಿಯುತ್ತಿರುವ ಟೀ. ಆಟೋದಿಂದ ಇಳಿಸಿದ ಮೂಟೆಗಳು ಒಂದೊಂದಾಗಿ ಬಾಯಿ ಬಿಚ್ಚುತ್ತವೆ. ಕಾಕಡ, ಕನಕಾಂಬರ, ಸುಗಂಧರಾಜ, ಹಳದಿ ಚೆಂಡುಹೂ ಹರವಿದ ಗೋಣಿಯ ಮೇಲೆ ಸುರಿಯುತ್ತಿದ್ದಂತೆ ಇನ್ನೂ ಆರದ ಬಲ್ಬುಗಳ ಬೆಳಕಿನಲ್ಲಿ ಆ ಸಾಲಿಗೆ ಸಾಲೇ ಬಣ್ಣ ತಳೆಯುತ್ತದೆ. ಕೂಗಾಟ ಇನ್ನೂ ಶುರುವಾಗಿಲ್ಲ. ಈಗ ಕೇಳುವುದು ನೀರು ಚಿಮುಕಿಸುವ ಸದ್ದು, ತಗಡಿನ ಬಾಗಿಲು ಮೇಲೇಳುವ ಸದ್ದು, ಯಾರೋ ಗಂಟಲು ಸರಿಮಾಡಿಕೊಳ್ಳುವ ಸದ್ದು.

ಕ್ಯಾಮೆರಾ ಹೆಗಲಲ್ಲೇ ಇರಲಿ. ಸ್ವಲ್ಪ ಹೊತ್ತು ಸುಮ್ಮನೆ ನಿಲ್ಲಿ. ಹೂ ಕಟ್ಟುವವರ ಬೆರಳನ್ನು ಕಣ್ಣಿನಲ್ಲಿ ಹಿಡಿಯುವುದೇ ಕಷ್ಟ, ಕ್ಯಾಮೆರಾದಲ್ಲಿ ಇನ್ನೂ ಕಷ್ಟ. ಎರಡು ಮೊಗ್ಗು ಈ ಕಡೆ, ಎರಡು ಆ ಕಡೆ, ದಾರ ಸುತ್ತಿ ಒಂದು ಎಳೆತ. ಮಾತು ಪಕ್ಕದ ಅಂಗಡಿಯವನ ಜೊತೆ, ಕಣ್ಣು ಬರುವ ಗಿರಾಕಿಯ ಮೇಲೆ, ಕೈ ಮಾತ್ರ ತನ್ನಷ್ಟಕ್ಕೆ ಓಡುತ್ತಿರುತ್ತದೆ. ಕಟ್ಟಿದ ಹೂವನ್ನು ಅಳೆಯುವಾಗ ಎರಡೂ ತೋಳು ಅಗಲವಾಗಿ ಚಾಚಿಕೊಳ್ಳುತ್ತವೆ. ಒಂದು ಮಾರು. ಚಿಕ್ಕ ತೋಳಿನ ಅಜ್ಜಿಯ ಮಾರೂ ಮಾರೇ, ಉದ್ದ ತೋಳಿನ ಹುಡುಗನ ಮಾರೂ ಮಾರೇ. ತಿಳಿದ ಗಿರಾಕಿಗಳು ಹುಡುಗನ ಹತ್ತಿರವೇ ಹೋಗುತ್ತಾರೆ! ತೋಳು ಪೂರ್ತಿ ಚಾಚಿ, ಹೂವಿನ ಎಳೆ ಎದೆಯ ಮುಂದೆ ಬಿಗಿಯಾದ ಆ ಒಂದು ಕ್ಷಣ ಸಿಕ್ಕರೆ ಈ ಮಾರುಕಟ್ಟೆಯ ಅಳತೆಪಟ್ಟಿಯೇ ಚಿತ್ರದಲ್ಲಿ ಸಿಕ್ಕಂತೆ.

"ಪೇಪರ್‌ನೋರಾ ಸಾರ್?" ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಅಲ್ಲ ಎಂದರೆ ಮುಂದಿನ ಪ್ರಶ್ನೆ, "ಮತ್ತೆ ಯಾಕೆ ತೆಗೀತೀರಾ?" ಊರಿನ ಒಂದು ಜಾಗವನ್ನು ಇದ್ದದ್ದು ಇದ್ದ ಹಾಗೆ ಚಿತ್ರದಲ್ಲಿ ದಾಖಲಿಸಿಡುವ ಹುಚ್ಚು ಹತ್ತಿದವರೆಲ್ಲ ಈ ಪ್ರಶ್ನೆಗೆ ಒಂದು ಉತ್ತರ ಇಟ್ಟುಕೊಂಡಿರಬೇಕು. "ಇನ್ನು ಐವತ್ತು ವರ್ಷಕ್ಕೆ ಹೆಂಗಿತ್ತು ಅಂತ ನೋಡೋಕೆ ಅಕ್ಕಾ" ಎಂದರೆ ನಗುತ್ತಾರೆ. ನಕ್ಕವರು ಸಾಮಾನ್ಯವಾಗಿ ಬೇಡ ಎನ್ನುವುದಿಲ್ಲ. ಸೆರಗು ಸರಿಮಾಡಿಕೊಂಡು ನೆಟ್ಟಗೆ ಕೂತುಬಿಡುತ್ತಾರೆ, ಅಷ್ಟೇ. ಅವರು ಮತ್ತೆ ದಾರಕ್ಕೆ ಕೈಹಾಕುವ ತನಕ ಕಾಯಬೇಕಾಗುತ್ತದೆ.

ಈಗ ತಲೆ ಎತ್ತಿ ಮೇಲೆ ನೋಡಿ. ಅಂಗಡಿ ಸಾಲುಗಳ ನಡುವಿನ ಓಣಿಗೆ ಅಡ್ಡಡ್ಡ ಕಟ್ಟಿದ ಟಾರ್ಪಾಲುಗಳು ನೀಲಿ, ಹಳದಿ, ಕೆಲವು ಬಣ್ಣವೇ ಮರೆತುಹೋದವು. ಬಿಸಿಲೇರಿದಂತೆ ಅವುಗಳ ಬಣ್ಣವೆಲ್ಲ ಕೆಳಗಿಳಿದು ಸೌತೆಕಾಯಿ ನೀಲಿಯಾಗುತ್ತದೆ, ಮಾರುವವನ ಮುಖ ಅರಿಸಿನವಾಗುತ್ತದೆ. ಹರಿದ ಕಡೆ ಮಾತ್ರ ಬಿಳಿ ಬಿಸಿಲು ಕೋಲಿನಂತೆ ನೆಟ್ಟಗೆ ಇಳಿದು ಒಂದೇ ಒಂದು ನಿಂಬೆಹಣ್ಣಿನ ಗುಡ್ಡೆಯನ್ನು ಹೊತ್ತಿಸಿಬಿಡುತ್ತದೆ. ಕ್ಯಾಮೆರಾದ ಲೆಕ್ಕಾಚಾರವೆಲ್ಲ ಇಲ್ಲಿ ತಪ್ಪುತ್ತದೆ; ಗುಡ್ಡೆಗೆ ಬೆಳಕು ಸರಿಹೊಂದಿಸಿದರೆ ಓಣಿ ಕಪ್ಪು, ಓಣಿಗೆ ಹೊಂದಿಸಿದರೆ ಗುಡ್ಡೆ ಬರೀ ಬಿಳಿ. ಟಾರ್ಪಾಲಿನ ಹಿಂದೆ ಅಡಗಿರುವ ಕಟ್ಟಡವನ್ನು ನೋಡಲು ಇನ್ನೊಂದು ಸ್ವಲ್ಪ ತಾಳ್ಮೆ ಬೇಕು. ಕಂಬಗಳ ಸಾಲು, ಮೇಲೆ ಗಾರೆ ಉದುರಿ ಇಟ್ಟಿಗೆ ಹಲ್ಲು ಕಿರಿದ ಗೋಡೆ, ಹೆಬ್ಬಾಗಿಲಿನ ಕಮಾನು. ಚಾಮರಾಜೇಂದ್ರ ಒಡೆಯರ ಕಾಲದಲ್ಲಿ, 1880ರ ದಶಕದಲ್ಲಿ ಎದ್ದ ಕಟ್ಟಡ ಇದು. ಅದಕ್ಕೂ ಮೊದಲು ಇದೇ ಆಸುಪಾಸಿನಲ್ಲಿ ವಾರದ ಸಂತೆ ನೆರೆಯುತ್ತಿತ್ತು. ದಕ್ಷಿಣದ ತುದಿಗೆ ನಡೆದು ಹೊರಬಂದರೆ ಚಿಕ್ಕ ಗಡಿಯಾರ. ವೈಸ್‌ರಾಯ್ ಡಫರಿನ್ 1886ರಲ್ಲಿ ಮೈಸೂರಿಗೆ ಬಂದ ನೆನಪಿನ ಗಡಿಯಾರ ಗೋಪುರ. ಉತ್ತರದ ತುದಿ ಧನ್ವಂತ್ರಿ ರಸ್ತೆ.

ಹಣ್ಣಿನ ಕಡೆಗೆ ಬಂದರೆ ತೂಗುಬಿಟ್ಟ ಬಾಳೆಗೊನೆಗಳ ಕೆಳಗೆ ತಲೆ ಬಗ್ಗಿಸಿಯೇ ನಡೆಯಬೇಕು. ಏಲಕ್ಕಿ ಬಾಳೆ, ಪಚ್ಚಬಾಳೆ ಎಲ್ಲೆಲ್ಲೂ ಉಂಟು. ನಂಜನಗೂಡು ರಸಬಾಳೆ ಮಾತ್ರ ಕೇಳಿದರೆ ಸಿಗುತ್ತದೆ, ಕೆಲವು ದಿನ ಕೇಳಿದರೂ ಇಲ್ಲ. ಪನಾಮ ಸೊರಗು ರೋಗ ತೋಟಗಳನ್ನು ಹಿಡಿದ ಮೇಲೆ ಆ ಬಾಳೆ ಬೆಳೆಯುವವರೇ ಕಡಿಮೆಯಾದರು. ಸಿಕ್ಕ ದಿನ ಆ ಒಂದು ಚಿಪ್ಪನ್ನು ಚಿತ್ರ ತೆಗೆದಿಟ್ಟುಕೊಳ್ಳಿ. ಸಿಪ್ಪೆಯ ಮೇಲಿನ ಕಪ್ಪು ಚುಕ್ಕೆ, ಬೆಲೆ ಬರೆದ ರಟ್ಟಿನ ಚೂರು ಎರಡೂ ಚೌಕಟ್ಟಿನೊಳಗೆ ಬರುವ ಹಾಗೆ. ಪಕ್ಕದಲ್ಲಿ ವೀಳ್ಯದೆಲೆಯವರು ಎಲೆಗಳನ್ನು ತೊಟ್ಟಿಗೆ ತೊಟ್ಟು ಸೇರಿಸಿ, ಎಣಿಸಿ, ಕಟ್ಟು ಕಟ್ಟುತ್ತ, ನಡುನಡುವೆ ನೀರು ಚಿಮುಕಿಸುತ್ತ ಕೂತಿರುತ್ತಾರೆ. ಮೈಸೂರು ಮಲ್ಲಿಗೆ, ಮೈಸೂರು ವೀಳ್ಯದೆಲೆ, ನಂಜನಗೂಡು ರಸಬಾಳೆ ಮೂರಕ್ಕೂ ಭೌಗೋಳಿಕ ಗುರುತಿನ ಮಾನ್ಯತೆ ಇದೆ. ಆ ಮಾನ್ಯತೆಯ ಪತ್ರವನ್ನು ಇಲ್ಲಿ ಯಾರೂ ಗೋಡೆಗೆ ನೇತುಹಾಕಿಲ್ಲ, ಅದರ ಬದಲು ಮೂರೂ ಒಂದೇ ಸೂರಿನ ಕೆಳಗೆ ಮಾರಾಟಕ್ಕಿವೆ. ಬೆಲ್ಲದ ಅಂಗಡಿಯಲ್ಲಿ ಅಚ್ಚುಬೆಲ್ಲ, ಉಂಡೆಬೆಲ್ಲದ ಮೇಲೆ ಜೇನುಹುಳುಗಳು ಗುಂಯ್‌ಗುಟ್ಟುತ್ತಿದ್ದರೂ ಅಂಗಡಿಯವರಿಗೂ ಹುಳುಗಳಿಗೂ ಜಗಳವಿಲ್ಲ. "ದಾರಿ, ದಾರಿ!" ಎಂದು ಹಿಂದಿನಿಂದ ಕೂಗಿ ಬಂದರೆ ಮಾತ್ರ ತಟ್ಟನೆ ಪಕ್ಕಕ್ಕೆ ಸರಿಯಿರಿ, ತಲೆಯ ಮೇಲೆ ಸಿಂಬಿ, ಅದರ ಮೇಲೆ ಮೂಟೆ ಹೊತ್ತವನಿಗೆ ನಿಮ್ಮ ಲೆನ್ಸಿನ ಬೆಲೆ ಗೊತ್ತಿಲ್ಲ, ಗೊತ್ತಿರಬೇಕಾಗಿಯೂ ಇಲ್ಲ.

ಇಷ್ಟು ನಡೆದ ಮೇಲೆ ಆ ಪ್ರಸಿದ್ಧ ಕುಂಕುಮದ ಅಂಗಡಿಗಳು ಬರುತ್ತವೆ. ತಟ್ಟೆ ತಟ್ಟೆಗಳಲ್ಲಿ ಚೂಪಾಗಿ ಏರಿಸಿದ ಕೆಂಪು, ನೇರಳೆ, ಹಸಿರು, ಕಿತ್ತಳೆ ಪುಡಿ. ಪ್ರವಾಸಿಗಳೆಲ್ಲ ಇಲ್ಲಿ ನಿಲ್ಲುತ್ತಾರೆ. ಕೆಲವು ಹೆಜ್ಜೆ ಆಚೆ ಸುಗಂಧದೆಣ್ಣೆ, ಊದುಬತ್ತಿ ಮಾರುವವರು ಅವರನ್ನು ಹಿಂದಿಯಲ್ಲಿ, ಇಂಗ್ಲಿಷಿನಲ್ಲಿ, ಒಂದಿಷ್ಟು ಫ್ರೆಂಚಿನಲ್ಲೂ ಮಾತಾಡಿಸುತ್ತಾರೆ. ಆ ಪುಡಿಯ ಗುಡ್ಡೆಗಳು ಚಂದವೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಈ ಮಾರುಕಟ್ಟೆಯ ಹೆಸರಿನಲ್ಲಿ ಜಗತ್ತಿನಾದ್ಯಂತ ಓಡಾಡುವ ಚಿತ್ರಗಳಲ್ಲಿ ಬಹುಪಾಲು ಇದೇ ಗುಡ್ಡೆಗಳು, ಇದೇ ಕೋನ, ಇದೇ ಬೆಳಕು. ಮುಂದೊಂದು ದಿನ ಯಾರಾದರೂ ಬರೀ ಆ ಚಿತ್ರಗಳನ್ನು ಇಟ್ಟುಕೊಂಡು ದೇವರಾಜ ಮಾರುಕಟ್ಟೆಯನ್ನು ಕಟ್ಟಿಕೊಳ್ಳಲು ಹೊರಟರೆ, ಮೈಸೂರಿನವರು ಇಲ್ಲಿ ಬಣ್ಣದ ಪುಡಿ ಬಿಟ್ಟು ಬೇರೇನೂ ಕೊಳ್ಳುತ್ತಿರಲಿಲ್ಲ ಎಂದೇ ತಿಳಿದಾರು. ಎಲ್ಲರೂ ತೆಗೆದದ್ದನ್ನು ತಾನೂ ತೆಗೆಯುವುದು ನೆನಪಿಗೆ ಸಾಕು, ದಾಖಲೆಗೆ ಸಾಲದು.

ಯಾರೂ ತೆಗೆಯದ್ದು ಯಾವುದು ಎಂದು ಕೇಳಿಕೊಂಡು ಅದೇ ಓಣಿಯಲ್ಲಿ ಇನ್ನೊಂದು ಸುತ್ತು ಬಂದರೆ ಮಾರುಕಟ್ಟೆ ಬೇರೆಯೇ ಕಾಣುತ್ತದೆ. ಸವೆದು ನುಣುಪಾದ ಹಿತ್ತಾಳೆಯ ತಕ್ಕಡಿ, ಅದರ ಪಕ್ಕದಲ್ಲೇ ಎಲೆಕ್ಟ್ರಾನಿಕ್ ತಕ್ಕಡಿ. ತೂಕದ ಬಟ್ಟಿನ ಮೇಲೆ ಇಲಾಖೆ ಒತ್ತಿದ ಮುದ್ರೆ. ಅಜ್ಜನ ಹೆಸರು, ಮಗನ ಹೆಸರು, ಮೊಮ್ಮಗನ ಫೋನ್ ನಂಬರು ಮೂರೂ ಬೇರೆ ಬೇರೆ ಕೈಬರಹದಲ್ಲಿರುವ ಬೋರ್ಡು. ದೇವರ ಪಟದ ಕೆಳಗೆ ಕ್ಯೂಆರ್ ಕೋಡಿನ ಹಲಗೆ, ದುಡ್ಡು ಬಂತೆಂದು ಕೂಗಿ ಹೇಳುವ ಪುಟ್ಟ ಪೆಟ್ಟಿಗೆ. ಮಳೆನೀರು ಹೋಗಲು ಕಲ್ಲುಹಾಸಿನ ನಡುವೆ ಇರುವ ಕಾಲುವೆ. ಅಂಗಡಿಯ ಜಗಲಿ ಎಷ್ಟು ಎತ್ತರ, ಮಾರುವವರು ಕಾಲು ಮಡಿಸಿ ಹೇಗೆ ಕೂರುತ್ತಾರೆ, ದುಡ್ಡಿನ ಡಬ್ಬಿ ಯಾವ ಕೈಗೆ ಎಟಕುತ್ತದೆ. ಇವು ಬದಲಾದದ್ದು ಗೊತ್ತೇ ಆಗದ ಹಾಗೆ ಬದಲಾಗುವಂಥವು. ಹಿತ್ತಾಳೆ ತಕ್ಕಡಿ ಮೂಲೆಗೆ ಸರಿದ ದಿನ ಯಾರೂ ಕ್ಯಾಮೆರಾ ಹಿಡಿದು ಬರುವುದಿಲ್ಲ.

ಬದಲಾವಣೆ ಸದ್ದು ಮಾಡಿಕೊಂಡು ಬರುವುದೂ ಉಂಟು. 2012ರ ಆಗಸ್ಟಿನಲ್ಲಿ, ಇಲ್ಲಿಂದ ಕೂಗಳತೆಯಲ್ಲಿರುವ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ವರು ಸತ್ತರು. 2016ರ ಆಗಸ್ಟಿನಲ್ಲಿ ಇದೇ ಮಾರುಕಟ್ಟೆಯ ಧನ್ವಂತ್ರಿ ರಸ್ತೆ ಕಡೆಯ ಹೆಬ್ಬಾಗಿಲಿನ ಭಾಗ ನೆಲಕ್ಕೆ ಬಿತ್ತು. ಅಂದಿನಿಂದ ಕೆಡವಿ ಕಟ್ಟಬೇಕೋ, ಉಳಿಸಿಕೊಂಡು ದುರಸ್ತಿ ಮಾಡಬೇಕೋ ಎಂಬ ವಾದ ನಗರಪಾಲಿಕೆ, ಪರಂಪರೆ ತಜ್ಞರು, ವ್ಯಾಪಾರಿಗಳು, ಕೋರ್ಟು ಎಲ್ಲವನ್ನೂ ಸುತ್ತಿದೆ. ಜಂಬೂ ಸವಾರಿ ಸಯ್ಯಾಜಿರಾವ್ ರಸ್ತೆಯಲ್ಲಿ ಈ ಮಾರುಕಟ್ಟೆಯ ಪಕ್ಕದಲ್ಲೇ ಹಾದುಹೋಗುವಾಗ ಮಾಳಿಗೆ ಹತ್ತಿ ನೋಡುವುದು ಮೈಸೂರಿನವರಿಗೆ ರೂಢಿ. ಈಗ ಹತ್ತಬೇಡಿ ಎಂದು ಎಚ್ಚರಿಸಬೇಕಾಗಿದೆ. ನನ್ನ ಮಟ್ಟಿಗೆ ಉಳಿಸುವುದೇ ಸರಿ. ಆದರೆ ಈ ವಾದದಲ್ಲಿ ಯಾರು ಗೆದ್ದರೂ ಇಂದಿನ ಮಾರುಕಟ್ಟೆ ಇಂದಿನಂತೆ ಇರುವುದಿಲ್ಲ. ದುರಸ್ತಿಯೂ ಬದಲಾವಣೆಯೇ.

ಹೀಗೆ ಕೆಡಹುವ ಮುನ್ನ ಚಿತ್ರ ತೆಗೆಸಿಡುವ ಬುದ್ಧಿ ಬೇರೆ ಊರುಗಳಿಗೆ ಹಿಂದೆಯೇ ಬಂದಿತ್ತು. 1860ರ ದಶಕದಲ್ಲಿ ಹಳೆಯ ಪ್ಯಾರಿಸ್ಸಿನ ಓಣಿಗಳನ್ನು ಒಡೆದು ಅಗಲ ರಸ್ತೆ ಮಾಡಲು ಹೊರಟ ನಗರಾಡಳಿತ, ಶಾರ್ಲ್ ಮಾರ್ವಿಲ್ ಎಂಬ ಛಾಯಾಗ್ರಾಹಕನನ್ನು ನೇಮಿಸಿ ಆ ಓಣಿಗಳ ನಾನೂರಕ್ಕೂ ಹೆಚ್ಚು ಚಿತ್ರ ತೆಗೆಸಿತು. ಗ್ಲಾಸ್ಗೋದಲ್ಲಿ 1868ರಿಂದ 1871ರ ತನಕ ಥಾಮಸ್ ಅನ್ನನ್ ಬಡವರ ಇಕ್ಕಟ್ಟು ವಠಾರಗಳನ್ನು ಹಾಗೆಯೇ ಚಿತ್ರಿಸಿದ. ಆಗಿನ ಕ್ಯಾಮೆರಾಕ್ಕೆ ಬೆಳಕು ಹಿಡಿಯಲು ಹೊತ್ತು ಬೇಕಾಗುತ್ತಿದ್ದುದರಿಂದ ಅಲುಗಾಡಿದವರು ಆ ಚಿತ್ರಗಳಲ್ಲಿ ಹೊಗೆಯ ಹಾಗೆ ಕಾಣುತ್ತಾರೆ, ಕೆಲವರು ಕಾಣುವುದೇ ಇಲ್ಲ. ನಮ್ಮ ಹಂಪಿಯನ್ನೂ 1856ರ ಹೊತ್ತಿಗೆ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೇನಾಧಿಕಾರಿ ಮೇಣ ಹಚ್ಚಿದ ದೊಡ್ಡ ಕಾಗದದ ನೆಗೆಟಿವ್‌ಗಳಲ್ಲಿ ಹಿಡಿದಿಟ್ಟಿದ್ದ. ಅವು ಎಷ್ಟೋ ಕಾಲ ಖಾಸಗಿ ಸಂಗ್ರಹದಲ್ಲಿ ಕಣ್ಮರೆಯಾಗಿದ್ದು, 1980ರ ದಶಕದಲ್ಲಿ ಆಸ್ಟ್ರೇಲಿಯದ ಜಾನ್ ಗಾಲಿಂಗ್ಸ್ ಅವೇ ಜಾಗಗಳಲ್ಲಿ ನಿಂತು, ಅವೇ ಕೋನದಿಂದ ಮತ್ತೆ ಚಿತ್ರ ತೆಗೆದರು. ಎರಡನ್ನೂ ಪಕ್ಕಪಕ್ಕ ಇಟ್ಟರೆ ಯಾವ ಕಂಬ ಬಿದ್ದಿದೆ, ಯಾವ ಗೋಪುರ ಸವೆದಿದೆ ಎಂದು ಬೆರಳಿಟ್ಟು ತೋರಿಸಬಹುದು.

ಹಂಪಿಯಲ್ಲಿ ಕಲ್ಲು ಮಾತಾಡಿದರೆ ಸಾಕು, ಮಾರುಕಟ್ಟೆಯಲ್ಲಿ ಜನ ಬೇಕು. ಅದಕ್ಕೆ ಮೈಸೂರಿಗರು ದೂರ ಹೋಗಿ ಗುರುವನ್ನು ಹುಡುಕಬೇಕಿಲ್ಲ. 1923ರಲ್ಲಿ ಇದೇ ಊರಿನಲ್ಲಿ ಹುಟ್ಟಿದ ಟಿ.ಎಸ್. ಸತ್ಯನ್ 'ಲೈಫ್' ಪತ್ರಿಕೆಗೂ ಯುನಿಸೆಫ್‌ಗೂ ಚಿತ್ರ ತೆಗೆದರು, 1977ರಲ್ಲಿ ಪದ್ಮಶ್ರೀ ಪಡೆದರು. ಆದರೂ ಅವರ ಕ್ಯಾಮೆರಾ ಒಲಿದದ್ದು ಬೀದಿಯಲ್ಲಿ ಆಡುವ ಮಕ್ಕಳಿಗೆ, ದುಡಿಯುವ ಹೆಂಗಸರಿಗೆ, ಜಗಲಿಯ ಮುದುಕರಿಗೆ. ಕನ್ನಡದಲ್ಲಿ ಅವರು ಬರೆದ ನೆನಪುಗಳ ಪುಸ್ತಕದ ಹೆಸರು 'ಕಾಲಕ್ಕೆ ಕನ್ನಡಿ'.

ಮಧ್ಯಾಹ್ನ ಎರಡರ ಸುಮಾರಿಗೆ ಓಣಿಗಳು ಆಕಳಿಸುತ್ತವೆ. ಊಟದ ಡಬ್ಬಿ ತೆರೆದುಕೊಳ್ಳುತ್ತವೆ, ಹುರುಳಿ ಸಾರಿನ ವಾಸನೆ ಮಲ್ಲಿಗೆಯನ್ನೂ ಸೋಲಿಸುತ್ತದೆ. ಸೊಪ್ಪಿನ ರಾಶಿಯ ಪಕ್ಕ ಮೂಟೆಗೆ ತಲೆಕೊಟ್ಟು ಒಬ್ಬರು ಕಣ್ಣು ಮುಚ್ಚಿರುತ್ತಾರೆ. ಮಲಗಿದವರ ಚಿತ್ರ ತೆಗೆಯಬೇಡಿ. ಅವರು ಒಪ್ಪಿಗೆ ಕೊಡುವ ಸ್ಥಿತಿಯಲ್ಲಿಲ್ಲ. ಈ ಹೊತ್ತು ಬರವಣಿಗೆಯ ಕೆಲಸಕ್ಕೆ ಒಳ್ಳೆಯದು. ಯಾವ ಸಾಲು, ಎಷ್ಟನೆಯ ಅಂಗಡಿ, ಯಾವ ದಿಕ್ಕಿಗೆ ಮುಖ ಮಾಡಿ ತೆಗೆದದ್ದು, ತಾರೀಕು, ಹೊತ್ತು, ಅಂದಿನ ಹೂವಿನ ಬೆಲೆ. ಹೆಸರು ಹಾಕಬಹುದೇ ಎಂದು ಕೇಳಿ, ಹ್ಞೂಂ ಎಂದರೆ ಹೆಸರು. ಕ್ಯಾಮೆರಾ ತಾರೀಕನ್ನು ತಾನೇ ಬರೆದುಕೊಳ್ಳುತ್ತದೆ, ಉಳಿದದ್ದು ಅದಕ್ಕೆ ಗೊತ್ತಿಲ್ಲ. ಅಡಿಬರಹವಿಲ್ಲದ ಚಿತ್ರ ಇಪ್ಪತ್ತು ವರ್ಷಕ್ಕೆ ಯಾರದೋ ಊರಿನ ಯಾವುದೋ ಅಂಗಡಿಯಾಗಿ ಉಳಿಯುತ್ತದೆ.

ಒಂದೇ ಜಾಗಕ್ಕೆ ಮತ್ತೆ ಮತ್ತೆ ಬರುವುದರಲ್ಲಿ ಈ ಕೆಲಸದ ರುಚಿಯಿದೆ. ಆಷಾಢದಲ್ಲಿ ಕೈಕಟ್ಟಿ ಕೂತಿದ್ದ ಹೂವಿನ ಸಾಲು ವರಮಹಾಲಕ್ಷ್ಮಿ ಹಬ್ಬದ ಹಿಂದಿನ ಸಂಜೆ ಕಾಲಿಡಲು ಜಾಗವಿಲ್ಲದಂತಾಗುತ್ತದೆ, ಬೆಲೆ ಗಂಟೆಗೊಮ್ಮೆ ಏರುತ್ತದೆ. ಆಯುಧಪೂಜೆಗೆ ಬೂದುಗುಂಬಳದ ಗೋಡೆಯೇ ಏಳುತ್ತದೆ. ಸಂಕ್ರಾಂತಿಗೆ ಕಬ್ಬು, ಅವರೆಕಾಯಿ. ಅದೇ ಕಂಬಕ್ಕೆ ಒರಗಿ, ಅದೇ ಎತ್ತರದಲ್ಲಿ ಕ್ಯಾಮೆರಾ ಹಿಡಿದು ಇವನ್ನೆಲ್ಲ ತೆಗೆದಿಟ್ಟರೆ ವರ್ಷವೇ ಓಣಿಯಲ್ಲಿ ನಡೆದುಹೋಗುವುದು ಕಾಣುತ್ತದೆ.

ಇನ್ನೊಂದು ಬಾರಿ ಬರುವಾಗ ತೆಗೆದ ಚಿತ್ರದ ಪ್ರಿಂಟು ಹಾಕಿಸಿಕೊಂಡು ಬನ್ನಿ. "ಕೊಡ್ತೀನಿ ಅಂದೋರು ಯಾರೂ ತಂದ್ಕೊಡಲ್ಲ" ಎಂಬುದು ಇಲ್ಲಿನ ಹಳೆಯ ದೂರು, ನಿಜವಾದ ದೂರು. ನಾನೊಮ್ಮೆ ಕೊಟ್ಟ ಪ್ರಿಂಟನ್ನು ಹೂವಿನ ಅಂಗಡಿಯ ಹಿರಿಯರೊಬ್ಬರು ಸೆರಗಿನಿಂದ ಒರೆಸಿ ನೋಡಿದರು. ತಮ್ಮ ಮುಖದ ಮೇಲೆ ಕಣ್ಣು ನಿಲ್ಲಿಸಲೇ ಇಲ್ಲ. ಹಿಂದಿನ ಗೋಡೆಯ ಮೊಳೆಯೊಂದನ್ನು ತೋರಿಸಿ, "ಇದು ನಮ್ಮ ಮಾವ ಹೊಡೆದಿದ್ದು, ಛತ್ರಿ ನೇತಾಕೋಕೆ" ಎಂದರು. ಆಮೇಲೆ ಅಕ್ಕಪಕ್ಕದವರೆಲ್ಲ ಬಗ್ಗಿ ಬಗ್ಗಿ ನೋಡಿ, ಯಾವ ಅಂಗಡಿ ಯಾರ ಕೈಯಿಂದ ಯಾರ ಕೈಗೆ ಬಂತು ಎಂಬ ಕಥೆಯನ್ನು ಒಬ್ಬರ ಮಾತಿನ ಮೇಲೆ ಒಬ್ಬರು ಹೇಳತೊಡಗಿದರು. ಕೇಳಿದ್ದರೆ ಯಾರೂ ಹೇಳುತ್ತಿರಲಿಲ್ಲ.

ಈ ಮಾರುಕಟ್ಟೆಯ ಹಳೆಯ ಚಿತ್ರಗಳು ಮೈಸೂರಿನ ಮನೆಗಳ ಟ್ರಂಕುಗಳಲ್ಲಿ ಖಂಡಿತ ಇವೆ. ಹಬ್ಬದ ಸಾಮಾನಿಗೆ ಬಂದಾಗ ತೆಗೆಸಿಕೊಂಡದ್ದು, ದಸರಾ ಮೆರವಣಿಗೆಯ ಹಿನ್ನೆಲೆಯಲ್ಲಿ ಅಂಗಡಿಗಳು ಬಿದ್ದದ್ದು. ನಿಮ್ಮ ಮನೆಯಲ್ಲಿ ಅಂಥದ್ದೊಂದು ಇದ್ದರೆ ಹಿರಿಯರು ಇರುವಾಗಲೇ ಪಕ್ಕದಲ್ಲಿ ಕೂತು ಯಾರು, ಎಲ್ಲಿ, ಯಾವಾಗ ಎಂದು ಕೇಳಿ, ಹಿಂಬದಿಯಲ್ಲಿ ಮೆತ್ತನೆಯ ಪೆನ್ಸಿಲಿನಿಂದ ಬರೆದಿಡಿ. ಸ್ಕ್ಯಾನ್ ಮಾಡಿಸುವಾಗ ಮುಂಬದಿಯ ಜೊತೆಗೆ ಆ ಹಿಂಬದಿಯನ್ನೂ ಮಾಡಿಸಿ.