ಕಾರ್ಡ್‌ಲೆಸ್ ಉಪಕರಣಗಳ ಬ್ಯಾಟರಿಯಿಂದ ವಿದ್ಯುತ್ ಸೈಕಲ್: ಲೆಕ್ಕಾಚಾರ, ಎಚ್ಚರಿಕೆ ಮತ್ತು ಹೊಣೆಗಾರಿಕೆ

ಪೀಠೋಪಕರಣ ತಯಾರಕರು, ಫ್ಯಾಬ್ರಿಕೇಶನ್ ಘಟಕಗಳು, ಹವಾನಿಯಂತ್ರಣ ಯಂತ್ರಗಳನ್ನು ಅಳವಡಿಸುವವರು ಹಾಗೂ ವಿದ್ಯುತ್ ಗುತ್ತಿಗೆದಾರರು ಇಂದು ತಂತಿಯಿಲ್ಲದ ಡ್ರಿಲ್ಲಿಂಗ್ ಯಂತ್ರ, ಗ್ರೈಂಡರ್ ಮತ್ತು ಗರಗಸಗಳನ್ನು ವ್ಯಾಪಕವಾಗಿ ಬಳಸುತ್ತಿದ್ದಾರೆ. ಒಂದು ಸಾಧಾರಣ ಕಾರ್ಯಾಗಾರದಲ್ಲಿಯೂ ಇಂತಹ ಉಪಕರಣಗಳ ನಾಲ್ಕಾರು ಬ್ಯಾಟರಿ ಪ್ಯಾಕ್‌ಗಳು ಇರುವುದುಂಟು. ಕೆಲಸದ ಅವಧಿ ಮುಗಿದ ಮೇಲೆ ಇವು ಕಪಾಟಿನಲ್ಲಿ ನಿರುಪಯುಕ್ತವಾಗಿ ಕುಳಿತಿರುತ್ತವೆ. ಇನ್ನೊಂದೆಡೆ, ಸಾಮಾನ್ಯ ಸೈಕಲ್ಲನ್ನು ವಿದ್ಯುತ್ ಸೈಕಲ್ಲಾಗಿ ಪರಿವರ್ತಿಸುವ ಹಬ್ ಮೋಟಾರು, ಕಂಟ್ರೋಲರ್ ಮತ್ತು ಆಕ್ಸಿಲರೇಟರ್ ಒಳಗೊಂಡ ಕಿಟ್‌ಗಳು ಬ್ಯಾಟರಿ ಇಲ್ಲದೆಯೂ ಮಾರಾಟವಾಗುತ್ತವೆ. ಕೈಯಲ್ಲಿರುವ ಬ್ಯಾಟರಿಯನ್ನೇ ಈ ಕಿಟ್‌ಗೆ ಏಕೆ ಜೋಡಿಸಬಾರದು ಎಂಬ ಆಲೋಚನೆ ಹುಟ್ಟುವುದು ಸಹಜ.

ಈ ಪ್ರಶ್ನೆಯನ್ನು ಮೂರು ಭಾಗಗಳಾಗಿ ವಿಂಗಡಿಸಿ ನೋಡುವುದು ಒಳ್ಳೆಯದು. ತಾಂತ್ರಿಕವಾಗಿ ಇದು ಸಾಧ್ಯವೇ? ಆರ್ಥಿಕವಾಗಿ ಲಾಭದಾಯಕವೇ? ಇದನ್ನು ಒಂದು ಸರಕಾಗಿ ಮಾರುಕಟ್ಟೆಗೆ ತರಬಹುದೇ? ಈ ಮೂರಕ್ಕೂ ಉತ್ತರ ಒಂದೇ ಆಗಿಲ್ಲ ಎಂಬುದನ್ನು ಮುಂದಿನ ವಿವರಗಳು ತೋರಿಸುತ್ತವೆ.

ಪ್ಯಾಕ್‌ನ ಒಳರಚನೆ

ಲಿಥಿಯಂ-ಅಯಾನ್ ಬ್ಯಾಟರಿಯನ್ನು ಸೋನಿ ಸಂಸ್ಥೆಯು 1991ರಲ್ಲಿ ಮೊದಲ ಬಾರಿಗೆ ವಾಣಿಜ್ಯ ರೂಪದಲ್ಲಿ ಹೊರತಂದಿತು. ಉಪಕರಣಗಳ ಕ್ಷೇತ್ರದಲ್ಲಿ ಬಹುಕಾಲ ನಿಕಲ್-ಕ್ಯಾಡ್ಮಿಯಂ ಬ್ಯಾಟರಿಗಳೇ ಚಾಲ್ತಿಯಲ್ಲಿದ್ದು, 2005ರ ಸುಮಾರಿಗೆ ಮಿಲ್ವಾಕಿ, ಮಕಿಟಾ ಮುಂತಾದ ತಯಾರಕರು ಲಿಥಿಯಂ-ಅಯಾನ್ ಪ್ಯಾಕ್‌ಗಳನ್ನು ಬಳಕೆಗೆ ತಂದರು.

ಇಂದು ಅತಿ ಹೆಚ್ಚು ಬಳಕೆಯಲ್ಲಿರುವ 18 ವೋಲ್ಟ್ ಪ್ಯಾಕ್‌ನಲ್ಲಿ ತಲಾ 3.6 ವೋಲ್ಟ್‌ನ ಐದು ಕೋಶಗಳು ಸರಣಿಯಲ್ಲಿ ಜೋಡಿಸಲ್ಪಟ್ಟಿರುತ್ತವೆ. ಪೂರ್ಣ ಚಾರ್ಜ್ ಆದಾಗ ಪ್ರತಿ ಕೋಶ 4.2 ವೋಲ್ಟ್ ತಲುಪುವುದರಿಂದ ಪ್ಯಾಕ್‌ನ ಗರಿಷ್ಠ ವೋಲ್ಟೇಜ್ 21 ಆಗುತ್ತದೆ. ಕೆಲವರು ಇದನ್ನೇ 20 ವೋಲ್ಟ್ ಎಂದೂ, ಮತ್ತೆ ಕೆಲವರು 21 ವೋಲ್ಟ್ ಎಂದೂ ನಮೂದಿಸುತ್ತಾರೆ. ಒಳಗಿನ ಕೋಶಗಳ ಸಂಖ್ಯೆ ಒಂದೇ. ಅಗ್ಗದ ಪ್ಯಾಕ್‌ಗಳ ಮೇಲೆ ಕಾಣುವ 48ವಿಎಫ್, 88ವಿಎಫ್ ಎಂಬಂತಹ ಗುರುತುಗಳು ವೋಲ್ಟೇಜನ್ನು ಸೂಚಿಸುವುದಿಲ್ಲ. ಅವುಗಳಲ್ಲಿಯೂ ಸಾಮಾನ್ಯವಾಗಿ ಐದು ಕೋಶಗಳ ಸರಣಿಯೇ ಇರುತ್ತದೆ. ಆದ್ದರಿಂದ ಖರೀದಿಸುವವರು ಮುದ್ರಿತ ಅಂಕಿಯನ್ನು ನಂಬದೆ ಮಲ್ಟಿಮೀಟರ್‌ನಿಂದ ಅಳೆದು ನೋಡುವುದು ಲೇಸು.

18 ವೋಲ್ಟ್, 5 ಆಂಪಿಯರ್-ಗಂಟೆಯ ಪ್ಯಾಕ್‌ನಲ್ಲಿ ಸಂಗ್ರಹವಾಗಿರುವ ಶಕ್ತಿ 90 ವಾಟ್-ಗಂಟೆ. ಅತಿ ಸಾಮಾನ್ಯವಾದ 36 ವೋಲ್ಟ್, 10 ಆಂಪಿಯರ್-ಗಂಟೆಯ ಸೈಕಲ್ ಬ್ಯಾಟರಿಯಲ್ಲಿ 360 ವಾಟ್-ಗಂಟೆ ಇರುತ್ತದೆ. ಅಂದರೆ ಒಂದು ಸೈಕಲ್ ಬ್ಯಾಟರಿಗೆ ಉಪಕರಣದ ನಾಲ್ಕು ಪ್ಯಾಕ್‌ಗಳು ಸಮ.

ವೋಲ್ಟೇಜಿನ ಹೊಂದಾಣಿಕೆ ಮತ್ತು ಕ್ರಮಿಸಬಹುದಾದ ದೂರ

ಎರಡು ಪ್ಯಾಕ್‌ಗಳನ್ನು ಸರಣಿಯಲ್ಲಿ ಜೋಡಿಸಿದರೆ ಹತ್ತು ಕೋಶಗಳಾಗಿ 36 ವೋಲ್ಟ್ ದೊರೆಯುತ್ತದೆ. ಪೂರ್ಣ ಚಾರ್ಜ್‌ನಲ್ಲಿ ಇದು 42 ವೋಲ್ಟ್. 36 ವೋಲ್ಟ್‌ನ ಕಂಟ್ರೋಲರ್‌ಗಳು ರೂಪುಗೊಂಡಿರುವುದು ಈ ಮಿತಿಗೇ ಆದ್ದರಿಂದ ಹೊಂದಾಣಿಕೆ ಸರಿಯಾಗಿಯೇ ಇದೆ. ಆದರೆ ಮೂರು ಪ್ಯಾಕ್‌ಗಳನ್ನು 48 ವೋಲ್ಟ್‌ನ ಕಂಟ್ರೋಲರ್‌ಗೆ ಜೋಡಿಸುವುದು ತಪ್ಪು. ಹದಿಮೂರು ಕೋಶಗಳ 48 ವೋಲ್ಟ್ ಬ್ಯಾಟರಿಯ ಗರಿಷ್ಠ ಮಟ್ಟ 54.6 ವೋಲ್ಟ್ ಇದ್ದರೆ, ಮೂರು ಪ್ಯಾಕ್‌ಗಳ ಹದಿನೈದು ಕೋಶಗಳು 63 ವೋಲ್ಟ್ ತಲುಪುತ್ತವೆ. ಇದರಿಂದ ಕಂಟ್ರೋಲರ್‌ನ ಕೆಪಾಸಿಟರ್‌ಗಳು ಕೆಡುವ ಸಂಭವವಿದೆ.

250 ವಾಟ್‌ನ ಮೋಟಾರು 36 ವೋಲ್ಟ್‌ನಲ್ಲಿ ಸುಮಾರು 7 ಆಂಪಿಯರ್ ಎಳೆಯುತ್ತದೆ. ಗ್ರೈಂಡರ್ ಅಥವಾ ಗರಗಸ ಇದಕ್ಕಿಂತ ಹಲವು ಪಟ್ಟು ಹೆಚ್ಚು ಪ್ರವಾಹವನ್ನು ಬಯಸುವುದರಿಂದ ಉತ್ತಮ ಪ್ಯಾಕ್‌ಗಳಿಗೆ ಇದು ಭಾರವಲ್ಲ. ಆದರೆ ಗ್ರೈಂಡರ್ ಕೆಲವು ನಿಮಿಷ ಮಾತ್ರ ಎಳೆದು ನಿಲ್ಲುತ್ತದೆ. ಸೈಕಲ್ಲು ಅರ್ಧ ಗಂಟೆ ಎಡೆಬಿಡದೆ ಎಳೆಯುತ್ತದೆ. ಆದ್ದರಿಂದ ಶಾಖ ಹೊರಹೋಗಲು ಅವಕಾಶ ಕಲ್ಪಿಸುವುದು ಅಗತ್ಯ.

ಪೆಡಲ್ ತುಳಿಯುತ್ತಾ ಸಾಗಿದರೆ ಸಮತಟ್ಟಾದ ರಸ್ತೆಯಲ್ಲಿ ಕಿಲೋಮೀಟರಿಗೆ ಸುಮಾರು 8ರಿಂದ 12 ವಾಟ್-ಗಂಟೆ, ಪೆಡಲ್ ಇಲ್ಲದೆ ಮೋಟಾರಿನಿಂದಲೇ ಸಾಗಿದರೆ 15ರಿಂದ 20 ವಾಟ್-ಗಂಟೆ ಖರ್ಚಾಗುತ್ತದೆ. ಎರಡು ಪ್ಯಾಕ್‌ಗಳ 180 ವಾಟ್-ಗಂಟೆಯಿಂದ ಮೊದಲನೆಯ ಕ್ರಮದಲ್ಲಿ 15ರಿಂದ 22 ಕಿಲೋಮೀಟರ್, ಎರಡನೆಯ ಕ್ರಮದಲ್ಲಿ 9ರಿಂದ 12 ಕಿಲೋಮೀಟರ್ ಮಾತ್ರ ನಿರೀಕ್ಷಿಸಬಹುದು. ಏರುದಾರಿ, ಎದುರುಗಾಳಿ ಮತ್ತು ಹೊರೆ ಇದ್ದಲ್ಲಿ ಈ ಪ್ರಮಾಣ ಇನ್ನೂ ತಗ್ಗುತ್ತದೆ.

ರಕ್ಷಣಾ ವ್ಯವಸ್ಥೆ ಎಲ್ಲಿದೆ?

ಇಡೀ ವಿಷಯದಲ್ಲಿ ಅತಿ ಮುಖ್ಯವಾದ ಅಂಶ ಇದು. ಸೈಕಲ್ಲಿಗೆಂದೇ ತಯಾರಾದ ಬ್ಯಾಟರಿಯೊಳಗೆ ಒಂದು ನಿಯಂತ್ರಣ ಫಲಕವಿದ್ದು, ಯಾವುದೇ ಕೋಶಗುಂಪಿನ ವೋಲ್ಟೇಜ್ ಕನಿಷ್ಠ ಮಟ್ಟಕ್ಕಿಂತ ಇಳಿದರೆ ಅದೇ ಹೊರಹರಿವನ್ನು ಕಡಿದುಹಾಕುತ್ತದೆ. ಉಪಕರಣಗಳ ಪ್ಯಾಕ್‌ಗಳಲ್ಲಿ ಅನೇಕವು ಹಾಗಿಲ್ಲ. ಪ್ಯಾಕ್ ತನ್ನ ಸ್ಥಿತಿಯನ್ನು ಪ್ರತ್ಯೇಕ ಸಂಪರ್ಕಬಿಂದುಗಳ ಮೂಲಕ ಉಪಕರಣಕ್ಕೆ ತಿಳಿಸುತ್ತದೆ; ಕಡಿತಗೊಳಿಸುವ ಕೆಲಸ ಉಪಕರಣದ್ದು. ಅಡಾಪ್ಟರ್ ಮೂಲಕ ಧನ ಮತ್ತು ಋಣ ಧ್ರುವಗಳನ್ನಷ್ಟೇ ಹೊರತೆಗೆದಾಗ ಈ ಸಂಭಾಷಣೆ ನಿಂತುಹೋಗುತ್ತದೆ. ಉಷ್ಣತೆಯ ಮಾಹಿತಿಯೂ ಯಾರಿಗೂ ತಲುಪುವುದಿಲ್ಲ.

ಕಂಟ್ರೋಲರ್‌ಗೂ ಒಂದು ಕನಿಷ್ಠ ವೋಲ್ಟೇಜಿನ ಮಿತಿ ಇದೆಯಲ್ಲ ಎಂದು ಕೆಲವರು ವಾದಿಸಬಹುದು. ಆದರೆ ಅದು ನೋಡುವುದು ಒಟ್ಟು ಮೊತ್ತವನ್ನು ಮಾತ್ರ. ಒಂದು ಪ್ಯಾಕ್ 5 ಆಂಪಿಯರ್-ಗಂಟೆಯದು, ಇನ್ನೊಂದು ಹಳೆಯದಾಗಿ 4ಕ್ಕೆ ಕುಗ್ಗಿದೆ ಎಂದು ಭಾವಿಸೋಣ. ಹಳೆಯದು ಬರಿದಾಗುವ ಹೊತ್ತಿಗೆ ಹೊಸದು ಇನ್ನೂ 17.5 ವೋಲ್ಟ್ ತೋರಿಸುತ್ತಿರಬಹುದು. ಕಂಟ್ರೋಲರ್‌ನ ಮಿತಿ 30 ವೋಲ್ಟ್ ಇದ್ದರೆ, ಹಳೆಯ ಪ್ಯಾಕ್ 12.5 ವೋಲ್ಟ್‌ಗೆ ಕುಸಿಯುವವರೆಗೂ ಮೋಟಾರು ಓಡುತ್ತಲೇ ಇರುತ್ತದೆ. ಆಗ ಅದರ ಕೋಶಗಳ ಸರಾಸರಿ 2.5 ವೋಲ್ಟ್, ದುರ್ಬಲ ಕೋಶದ ಮಟ್ಟ ಅದಕ್ಕಿಂತಲೂ ಕೆಳಗೆ. ಹೀಗೆ ಅತಿಯಾಗಿ ಬರಿದಾದ ಲಿಥಿಯಂ ಕೋಶದೊಳಗಿನ ತಾಮ್ರದ ಹಾಳೆ ಕರಗತೊಡಗುತ್ತದೆ. ಅದನ್ನು ಮತ್ತೆ ಚಾರ್ಜ್ ಮಾಡಿದಾಗ ಒಳಗಿಂದೊಳಗೆ ಶಾರ್ಟ್ ಸರ್ಕ್ಯೂಟ್ ಉಂಟಾಗಿ ಬೆಂಕಿಗೆ ದಾರಿಯಾಗಬಹುದು. ಆದುದರಿಂದ ಸವಾರಿಯ ವೇಳೆ ಆದ ಹಾನಿಯ ಪರಿಣಾಮ ರಾತ್ರಿ ಚಾರ್ಜಿಂಗ್ ವೇಳೆಯಲ್ಲಿ, ಯಾರೂ ಗಮನಿಸದ ಹೊತ್ತಿನಲ್ಲಿ ಪ್ರಕಟವಾಗುವ ಸಾಧ್ಯತೆ ಇರುತ್ತದೆ.

ಜೋಡಣೆಯಲ್ಲಿ ಪಾಲಿಸಬೇಕಾದ ಕ್ರಮಗಳು

ಸ್ವಂತ ಬಳಕೆಗೆ, ಕಾರ್ಖಾನೆಯ ಆವರಣದಲ್ಲಿ ಪ್ರಾಯೋಗಿಕವಾಗಿ ಜೋಡಿಸುವವರು ಈ ಕೆಳಗಿನ ಕ್ರಮಗಳನ್ನು ತಪ್ಪದೆ ಅನುಸರಿಸತಕ್ಕದ್ದು.

1. ಒಂದೇ ತಯಾರಕರ, ಒಂದೇ ಮಾದರಿಯ, ಒಂದೇ ವಯಸ್ಸಿನ ಪ್ಯಾಕ್‌ಗಳನ್ನು ಮಾತ್ರ ಸರಣಿಯಲ್ಲಿ ಜೋಡಿಸಬೇಕು. ಎರಡನ್ನೂ ಪೂರ್ಣವಾಗಿ ಚಾರ್ಜ್ ಮಾಡಿಯೇ ಹೊರಡಬೇಕು.

2. ಒಟ್ಟು ವೋಲ್ಟೇಜಿಗೆ ಬದಲಾಗಿ ಪ್ರತಿ ಪ್ಯಾಕ್‌ಗೆ ಪ್ರತ್ಯೇಕ ಕಡಿತ ವ್ಯವಸ್ಥೆ ಇರಬೇಕು. ಪ್ಯಾಕ್ ಒಂದು 15 ವೋಲ್ಟ್‌ಗೆ ಇಳಿದೊಡನೆ, ಅಂದರೆ ಕೋಶಕ್ಕೆ ಸರಾಸರಿ 3 ವೋಲ್ಟ್ ಇರುವಾಗಲೇ, ಪ್ರವಾಹ ನಿಲ್ಲಬೇಕು.

3. ಪ್ರತಿ ಪ್ಯಾಕ್‌ಗೂ ಫ್ಯೂಸ್ ಅಗತ್ಯ. ಕಾರುಗಳಲ್ಲಿ ಬಳಸುವ ಸಾಮಾನ್ಯ ಬ್ಲೇಡ್ ಫ್ಯೂಸ್‌ಗಳು 32 ವೋಲ್ಟ್‌ವರೆಗೆ ಮಾತ್ರ ಯೋಗ್ಯ. ಇಲ್ಲಿ 42 ವೋಲ್ಟ್ ಇರುವುದರಿಂದ 58 ವೋಲ್ಟ್ ಅಥವಾ ಅದಕ್ಕೂ ಮೇಲ್ಪಟ್ಟ ನೇರ ವಿದ್ಯುತ್ತಿನ ಫ್ಯೂಸ್ ಆರಿಸಬೇಕು.

4. ದೂರ ಹೆಚ್ಚಿಸಲೆಂದು ಪ್ಯಾಕ್‌ಗಳನ್ನು ನೇರವಾಗಿ ಸಮಾಂತರದಲ್ಲಿ ಜೋಡಿಸಬಾರದು. ಒಂದು ತುಂಬಿದ್ದು ಇನ್ನೊಂದು ಬರಿದಾಗಿದ್ದರೆ ಅವುಗಳ ನಡುವೆ ಭಾರಿ ಪ್ರವಾಹ ಹರಿಯುತ್ತದೆ. ಒಂದು ಜೋಡಿ ಮುಗಿದ ಮೇಲೆ ಅದನ್ನು ತೆಗೆದು ಇನ್ನೊಂದು ಜೋಡಿಯನ್ನು ಹಾಕುವುದು ಸುರಕ್ಷಿತ ಮಾರ್ಗ.

5. ಪ್ಯಾಕ್‌ಗಳನ್ನು ಸೈಕಲ್ಲಿನಿಂದ ಬಿಡಿಸಿ, ತಯಾರಕರೇ ನೀಡಿದ ಚಾರ್ಜರ್‌ನಲ್ಲಿ ಒಂದೊಂದಾಗಿ ಚಾರ್ಜ್ ಮಾಡಬೇಕು. ಎರಡನ್ನೂ ಸರಣಿಯಲ್ಲಿಟ್ಟು 42 ವೋಲ್ಟ್‌ನ ಚಾರ್ಜರ್ ಬಳಸುವುದು ಸಲ್ಲದು. ಬ್ರೇಕ್ ಹಿಡಿದಾಗ ವಿದ್ಯುತ್ತನ್ನು ಹಿಂದಕ್ಕೆ ತುಂಬುವ ಸೌಲಭ್ಯ ಕಂಟ್ರೋಲರ್‌ನಲ್ಲಿದ್ದರೆ ಅದನ್ನು ನಿಷ್ಕ್ರಿಯಗೊಳಿಸಬೇಕು.

6. ರಸ್ತೆಯ ಕುಲುಕಾಟ, ಧೂಳು ಮತ್ತು ಮಳೆಯಿಂದ ಸಂಪರ್ಕಬಿಂದುಗಳನ್ನು ಕಾಪಾಡಬೇಕು. ಸಡಿಲವಾದ ಸಂಪರ್ಕ ಕಾದು, ಪ್ಲಾಸ್ಟಿಕ್ ಅಡಾಪ್ಟರ್ ಕರಗುವ ಅಪಾಯವಿದೆ.

7. ಬಿಸಿಯಾಗಿರುವ ಪ್ಯಾಕ್ ತಣಿಯುವ ಮುನ್ನ ಚಾರ್ಜ್‌ಗೆ ಇಡಬಾರದು. ಕಲಬುರಗಿ, ರಾಯಚೂರಿನಂತಹ ಊರುಗಳ ಬೇಸಿಗೆಯಲ್ಲಿ ಬಿಸಿಲಿಗೆ ನಿಂತ ಸೈಕಲ್ಲಿನ ಪ್ಯಾಕ್‌ಗಳ ವಿಷಯದಲ್ಲಿ ಈ ಎಚ್ಚರ ಇನ್ನೂ ಅವಶ್ಯ.

ನಿಜವಾದ ವೆಚ್ಚ

ವಿದ್ಯುತ್ ದರ ಅಗ್ಗವಾದ್ದರಿಂದ ಇಂತಹ ಸೈಕಲ್ಲು ಬಹುತೇಕ ಪುಕ್ಕಟೆಯಾಗಿ ಓಡುತ್ತದೆ ಎಂಬ ಭಾವನೆ ಸರಿಯಲ್ಲ. ದಿನಕ್ಕೆ 10 ಕಿಲೋಮೀಟರಿನಂತೆ ವರ್ಷದಲ್ಲಿ 300 ದಿನ ಓಡಿಸಿದರೆ ಬೇಕಾಗುವ ವಿದ್ಯುತ್ತು ಸುಮಾರು 30 ಯೂನಿಟ್ ಮಾತ್ರ, ನಿಜ. ಆದರೆ ಅದೇ ಅವಧಿಯಲ್ಲಿ 180 ವಾಟ್-ಗಂಟೆಯ ಜೋಡಿ ಸುಮಾರು 167 ಬಾರಿ ಪೂರ್ಣವಾಗಿ ತುಂಬಿ ಬರಿದಾಗುತ್ತದೆ. ಪ್ಯಾಕ್‌ನ ಆಯುಷ್ಯ 400 ಆವರ್ತನಗಳೆಂದು ಇಟ್ಟುಕೊಂಡರೆ, ಅದು ತನ್ನ ಜೀವಿತಾವಧಿಯಲ್ಲಿ ಕೊಡುವುದು ಹೆಚ್ಚೆಂದರೆ 72 ಯೂನಿಟ್, ಅಂದರೆ 7,200 ಕಿಲೋಮೀಟರ್. ಸಾಮರ್ಥ್ಯ ಕ್ರಮೇಣ ಕುಗ್ಗುವುದರಿಂದ ವಾಸ್ತವದಲ್ಲಿ ಇದಕ್ಕಿಂತ ಕಡಿಮೆಯೇ. ಎರಡು ಪ್ಯಾಕ್‌ಗಳ ಖರೀದಿ ಬೆಲೆಯನ್ನು 7,200ರಿಂದ ಭಾಗಿಸಿದರೆ ಕಿಲೋಮೀಟರಿಗೆ ತಗಲುವ ಸವಕಳಿ ತಿಳಿಯುತ್ತದೆ. ಉದಾಹರಣೆಗೆ ಜೋಡಿಯ ಬೆಲೆ 14,400 ರೂಪಾಯಿ ಎಂದುಕೊಂಡರೆ, ಅದು ಕಿಲೋಮೀಟರಿಗೆ 2 ರೂಪಾಯಿ.

ಎರಡೂವರೆ ವರ್ಷಕ್ಕೆ ಉಪಕರಣಗಳಿಗೆ ಹೊಸ ಪ್ಯಾಕ್ ಕೊಳ್ಳಬೇಕಾಗಿ ಬರುವುದನ್ನು ಲೆಕ್ಕಕ್ಕೆ ಹಿಡಿದಾಗ, ಕಪಾಟಿನಲ್ಲಿರುವ ಬ್ಯಾಟರಿ ಪುಕ್ಕಟೆಯದಲ್ಲ ಎಂಬುದು ಸ್ಪಷ್ಟವಾಗುತ್ತದೆ. ತೆರಿಗೆಯ ಅಂಶವೂ ಗಮನಾರ್ಹ. ವಿದ್ಯುತ್ ಸೈಕಲ್ ಸೇರಿದಂತೆ ವಿದ್ಯುತ್ ವಾಹನಗಳ ಮೇಲಿನ ಜಿಎಸ್‌ಟಿ 2019ರ ಆಗಸ್ಟ್ 1ರಿಂದ ಶೇ. 5 ಇದ್ದರೆ, ಬಿಡಿಯಾಗಿ ಕೊಳ್ಳುವ ಲಿಥಿಯಂ-ಅಯಾನ್ ಬ್ಯಾಟರಿಯ ಮೇಲೆ 2018ರ ಜುಲೈ 27ರಿಂದ ಶೇ. 18 ಇದೆ. ಹೀಗಾಗಿ ಸೈಕಲ್ಲಿಗೆಂದೇ ಹೊಸ ಪ್ಯಾಕ್‌ಗಳನ್ನು ಕೊಳ್ಳುವುದು ಲಾಭಕರವಲ್ಲ. ಈಗಾಗಲೇ ಇರುವ ಪ್ಯಾಕ್‌ಗಳನ್ನು ಆಗೊಮ್ಮೆ ಈಗೊಮ್ಮೆ ಅಲ್ಪ ದೂರಕ್ಕೆ ಬಳಸುವವರಿಗೆ ಮಾತ್ರ ಇದು ಹೊಂದುತ್ತದೆ.

ಕಾನೂನು ಮತ್ತು ಮಾರಾಟಗಾರರ ಹೊಣೆ

1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ, ಮೋಟಾರಿನ 30 ನಿಮಿಷಗಳ ಸಾಮರ್ಥ್ಯ 250 ವಾಟ್‌ಗಿಂತ ಕಡಿಮೆ, ವೇಗ ಗಂಟೆಗೆ 25 ಕಿಲೋಮೀಟರ್ ಮಿತಿಯೊಳಗೆ ಮತ್ತು ಬ್ಯಾಟರಿ ಹೊರತುಪಡಿಸಿ ತೂಕ 60 ಕಿಲೋಗ್ರಾಂ ಮೀರದಿದ್ದರೆ ಅಂತಹ ವಾಹನವನ್ನು ಮೋಟಾರು ವಾಹನವೆಂದು ಪರಿಗಣಿಸುವುದಿಲ್ಲ. ನೋಂದಣಿ ಮತ್ತು ಚಾಲನಾ ಪರವಾನಗಿಯಿಂದ ವಿನಾಯಿತಿ ದೊರೆಯುವುದು ಇದರಿಂದಲೇ. ಆದರೆ ಈ ಷರತ್ತುಗಳು ಪೂರೈಸಿವೆ ಎಂಬುದನ್ನು ಪುಣೆಯ ಎಆರ್‌ಎಐನಂತಹ, ನಿಯಮ 126ರಲ್ಲಿ ಹೆಸರಿಸಲಾದ ಪರೀಕ್ಷಾ ಸಂಸ್ಥೆ ದೃಢೀಕರಿಸಿರಬೇಕು. ಬಿಡಿ ಕಿಟ್ ಜೋಡಿಸಿ ಮಾರುವವರು ಬಹುಮಟ್ಟಿಗೆ ಮರೆಯುವ ಅಂಶ ಇದೇ.

ಎರಡನೆಯದಾಗಿ, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯು ಉತ್ಪನ್ನ ಹೊಣೆಗಾರಿಕೆಗೆ ಪ್ರತ್ಯೇಕ ಅಧ್ಯಾಯವನ್ನೇ ಮೀಸಲಿಟ್ಟಿದೆ. ಉತ್ಪನ್ನವನ್ನು ಮಾರಾಟಗಾರನೇ ಮಾರ್ಪಡಿಸಿದ್ದು, ಆ ಮಾರ್ಪಾಡೇ ಹಾನಿಗೆ ಪ್ರಮುಖ ಕಾರಣವಾಗಿದ್ದರೆ, ಪರಿಹಾರದ ಹೊಣೆ ಅವನ ಮೇಲೆ ಬೀಳುತ್ತದೆ. ಉಪಕರಣದ ಪ್ಯಾಕನ್ನು ಸೈಕಲ್ಲಿಗೆ ಜೋಡಿಸಿ ಗ್ರಾಹಕರಿಗೆ ಕೊಟ್ಟ ಅಂಗಡಿಯವರು, ಬೆಂಕಿ ಅವಘಡ ಸಂಭವಿಸಿದಾಗ ಮೂಲ ತಯಾರಕರತ್ತ ಬೆರಳು ತೋರಿಸುವುದು ಕಷ್ಟ. ಪ್ಯಾಕ್‌ಗಳನ್ನು ಬಿಚ್ಚಿ ಕೋಶಗಳನ್ನು ಮರುಜೋಡಿಸಿ ತಮ್ಮ ಹೆಸರಿನಲ್ಲಿ ಮಾರುವವರು 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳಡಿ ಉತ್ಪಾದಕರ ಹೊಣೆಯನ್ನೂ ಹೊರಬೇಕಾಗುತ್ತದೆ.

ವಿದೇಶಗಳಲ್ಲಿ ಈ ವಿಷಯ ಎಷ್ಟು ಗಂಭೀರವಾಗಿದೆ ಎಂಬುದಕ್ಕೆ ನ್ಯೂಯಾರ್ಕ್ ನಗರ ನಿದರ್ಶನ. ಅಲ್ಲಿ 2023ರಲ್ಲಿ ಲಿಥಿಯಂ-ಅಯಾನ್ ಬ್ಯಾಟರಿಗಳಿಂದ 268 ಬೆಂಕಿ ಪ್ರಕರಣಗಳು ಸಂಭವಿಸಿ 18 ಜನ ಪ್ರಾಣ ಕಳೆದುಕೊಂಡರು. ಅದೇ ವರ್ಷದ ಸೆಪ್ಟೆಂಬರ್‌ನಿಂದ ಜಾರಿಗೆ ಬಂದ ಸ್ಥಳೀಯ ಕಾನೂನು, ಯುಎಲ್ 2849 ಪ್ರಮಾಣಪತ್ರವಿಲ್ಲದ ವಿದ್ಯುತ್ ಸೈಕಲ್‌ಗಳ ಮತ್ತು ಯುಎಲ್ 2271 ಪ್ರಮಾಣಪತ್ರವಿಲ್ಲದ ಬ್ಯಾಟರಿಗಳ ಮಾರಾಟವನ್ನು ನಿಷೇಧಿಸಿದೆ. ರಫ್ತಿನ ಆಸೆಯಿರುವ ತಯಾರಕರು ಇದನ್ನು ಮೊದಲೇ ಗಮನದಲ್ಲಿಟ್ಟುಕೊಳ್ಳಬೇಕು.

ಉದ್ದಿಮೆದಾರರಿಗೆ ಅವಕಾಶ

ಹಾಗೆಂದು ಈ ಕ್ಷೇತ್ರದಲ್ಲಿ ಸಣ್ಣ ಕೈಗಾರಿಕೆಗಳಿಗೆ ಅವಕಾಶವೇ ಇಲ್ಲವೆಂದಲ್ಲ. ಎರಡು ಪ್ಯಾಕ್‌ಗಳನ್ನು ಪ್ರತ್ಯೇಕವಾಗಿ ಕಾಯುವ ಕಡಿತ ಫಲಕ, ಕುಲುಕಾಟ ತಾಳುವ ಹಿಡಿಕೆ ಮತ್ತು ಲೋಹದ ಸಂಪರ್ಕಗಳು ಕಾರ್ಖಾನೆಯೊಳಗಿನ ಸಾಮಾನು ಸಾಗಿಸುವ ಗಾಡಿಗಳು, ತೋಟದ ತಳ್ಳುಗಾಡಿಗಳು ಮತ್ತು ಸಿಂಪಡಣಾ ಯಂತ್ರಗಳಿಗೂ ಉಪಯುಕ್ತ. ಉಪಕರಣ ಮತ್ತು ಗಾಡಿ ಎರಡಕ್ಕೂ ಒಂದೇ ಪ್ಯಾಕ್ ಸಲ್ಲುವುದು ಗ್ರಾಹಕರಿಗೆ ನಿಜವಾದ ಅನುಕೂಲ. ಸಾರ್ವಜನಿಕ ರಸ್ತೆಗಿಳಿಯದ ಇಂತಹ ಗಾಡಿಗಳಲ್ಲಿ ದೂರ ಅಲ್ಪ, ವೇಗ ಕಡಿಮೆ, ಮೇಲ್ವಿಚಾರಣೆ ಸುಲಭ.

ಒಟ್ಟಿನಲ್ಲಿ, ಸ್ವಂತ ಕಾರ್ಯಾಗಾರದಲ್ಲಿ ಎಚ್ಚರಿಕೆಯಿಂದ ನಡೆಸುವ ಪ್ರಯೋಗಕ್ಕೆ ಉಪಕರಣದ ಬ್ಯಾಟರಿ ಯೋಗ್ಯ. ದಿನನಿತ್ಯದ ದೂರದ ಸವಾರಿಗೆ ಸೈಕಲ್ಲಿಗೆಂದೇ ತಯಾರಾದ ಬ್ಯಾಟರಿಯೇ ಮಿತವ್ಯಯದ್ದು. ಮಾರಾಟಕ್ಕಾದರೋ ಪರೀಕ್ಷಾ ಪ್ರಮಾಣಪತ್ರವಿಲ್ಲದೆ ಒಂದು ಹೆಜ್ಜೆಯನ್ನೂ ಮುಂದಿಡಬಾರದು. ಪ್ಯಾಕ್‌ಗೊಂದು ಕಡಿತ ವ್ಯವಸ್ಥೆ ಮತ್ತು ಸರಿಯಾದ ಫ್ಯೂಸ್‌ಗೆ ತಗಲುವ ವೆಚ್ಚ, ಒಂದು ಬೆಂಕಿ ಅವಘಡದಿಂದ ದಾಸ್ತಾನಿಗೂ ಜೀವಕ್ಕೂ ಆಗುವ ನಷ್ಟದ ಮುಂದೆ ಏನೇನೂ ಅಲ್ಲ.