ಆಸ್ಪತ್ರೆಗೆ ಊರೇ ಅಂಕ ಕೊಟ್ಟಾಗ

ಆರೋಗ್ಯ ಕೇಂದ್ರದಲ್ಲಿ ನರ್ಸ್ ಹೊತ್ತಿಗೆ ಬರುವುದಿಲ್ಲ, ಮಾತ್ರೆ ಸಿಗುವುದಿಲ್ಲ. ದೂರು ಕೊಡೋಣವೆಂದರೆ ನಾಳೆ ಮಗುವಿಗೆ ಜ್ವರ ಬಂದಾಗ ಅದೇ ನರ್ಸಿನ ಮುಂದೆ ನಿಲ್ಲಬೇಕು. ಈ ಅಂಜಿಕೆಗೆ ಮದ್ದಾಗಿ ಮಲಾವಿ ದೇಶದಲ್ಲಿ 2002ರಲ್ಲಿ ಕೇರ್ ಸಂಸ್ಥೆ ರೂಪಿಸಿದ್ದು ‘ಸಮುದಾಯ ಅಂಕಪಟ್ಟಿ’. ಒಬ್ಬರ ದೂರನ್ನು ಊರಿನ ದೂರಾಗಿಸುವುದೇ ಇದರ ಗುಟ್ಟು.

ಮೊದಲು ಬೇಕಾದದ್ದು ಲೆಕ್ಕ. ಕೇಂದ್ರಕ್ಕೆ ಎಷ್ಟು ಸಿಬ್ಬಂದಿ ಮಂಜೂರಾಗಿದೆ, ಯಾವ ಔಷಧ ಎಷ್ಟು ಬರಬೇಕು ಎಂಬುದು ಗೊತ್ತಿಲ್ಲದ ಊರಿಗೆ ಗೊಣಗುವುದಷ್ಟೇ ಉಳಿಯುತ್ತದೆ. ಆಮೇಲೆ ಹೆಂಗಸರು, ಗಂಡಸರು, ಯುವಕರು ಬೇರೆ ಬೇರೆಯಾಗಿ ಕೂರುತ್ತಾರೆ. ಹೆರಿಗೆ ಕೋಣೆಯಲ್ಲಿ ಬೈಸಿಕೊಂಡದ್ದನ್ನು ಊರ ಮುಖಂಡನ ಎದುರು ಯಾವ ಹೆಣ್ಣು ಬಾಯಿಬಿಟ್ಟಾಳು? ನಡವಳಿಕೆ, ಕಾಯುವ ಸಮಯ, ಔಷಧ ಹೀಗೆ ಒಂದೊಂದಕ್ಕೂ ಗುಂಪು ಅಂಕ ಕೊಟ್ಟು, ಯಾಕೆ ಅಷ್ಟು ಎಂಬ ಕಾರಣವನ್ನೂ ಬರೆಸುತ್ತದೆ. ನಿಜ ಹೇಳಬೇಕೆಂದರೆ ಅಂಕಕ್ಕಿಂತ ಈ ಕಾರಣವೇ ಮುಖ್ಯ.

ಇತ್ತ ಸಿಬ್ಬಂದಿಯೂ ತಮಗೆ ತಾವೇ ಅಂಕ ಹಾಕಿಕೊಳ್ಳುತ್ತಾರೆ. ವಸತಿಗೃಹವಿಲ್ಲ, ಔಷಧದ ಪೆಟ್ಟಿಗೆ ತಡವಾಗಿ ಬರುತ್ತದೆ ಎಂಬ ಅವರ ಸಂಕಟ ಆಗ ಹೊರಬರುತ್ತದೆ. ಕೊನೆಗೆ ಎರಡೂ ಪಟ್ಟಿಗಳನ್ನು ಇಟ್ಟುಕೊಂಡು ಮುಖಾಮುಖಿ ಸಭೆ. ಸಭೆ ನಡೆಸುವವರು ಇಲ್ಲಿ ಗಟ್ಟಿಗರಾಗಿರಬೇಕು, ಇಲ್ಲದಿದ್ದರೆ ಅದು ಜಗಳವಾಗಿ ಮುಗಿಯುತ್ತದೆ. ಯಾವ ಕೆಲಸ, ಯಾರ ಹೊಣೆ, ಎಂದಿಗೆ ಎಂದು ಬರೆದಿಟ್ಟು, ಕೆಲವು ತಿಂಗಳ ನಂತರ ಮತ್ತೆ ಅಂಕ ಹಾಕುತ್ತಾರೆ.

1994ರಲ್ಲಿ ಬೆಂಗಳೂರಿನಲ್ಲಿ ಸ್ಯಾಮ್ಯುಯೆಲ್ ಪಾಲ್ ಹೊರತಂದ ನಾಗರಿಕ ವರದಿ ಕಾರ್ಡ್ ಇದರ ನೆಂಟನೇ. ಆದರೆ ಅದು ನಗರದ ಸಮೀಕ್ಷೆ. ಪತ್ರಿಕೆಗಳಲ್ಲಿ ಬಂದ ಫಲಿತಾಂಶ ಇಲಾಖೆಗಳಿಗೆ ಬಿಸಿ ಮುಟ್ಟಿಸಬೇಕಿತ್ತು. ಇಲ್ಲಿ ಅಂಕ ಕೊಟ್ಟವರೂ ಪಡೆದವರೂ ಎದುರುಬದುರು ಕೂತಿರುತ್ತಾರೆ.

ಇದರಿಂದ ಫಲ ಸಿಗುತ್ತದೆಯೇ? ಉಗಾಂಡದ 50 ಗ್ರಾಮೀಣ ಚಿಕಿತ್ಸಾಲಯಗಳಲ್ಲಿ ಇಂಥದೇ ಪ್ರಯೋಗ ನಡೆಸಿದ ಮಾರ್ಟಿನಾ ಬ್ಯೋರ್ಕ್‌ಮನ್ ಮತ್ತು ಯಾಕೋಬ್ ಸ್ವೆನ್ಸನ್ 2009ರಲ್ಲಿ ಪ್ರಕಟಿಸಿದ ಫಲಿತಾಂಶ ಬೆರಗು ಹುಟ್ಟಿಸಿತು: ಅರ್ಧದಷ್ಟು ಊರುಗಳಲ್ಲಿ ಸಭೆಗಳು ನಡೆದಿದ್ದವು, ಅಲ್ಲಿ ಐದು ವರ್ಷದೊಳಗಿನ ಮಕ್ಕಳ ಸಾವು ಉಳಿದ ಊರುಗಳಿಗಿಂತ ಶೇ. 33ರಷ್ಟು ಕಡಿಮೆ. ಸಲಹಾ ಪೆಟ್ಟಿಗೆ, ಸರದಿಗೆ ನಂಬರ್ ಚೀಟಿ, ಗೋಡೆಯ ಮೇಲೆ ಡ್ಯೂಟಿ ಪಟ್ಟಿ, ಬದಲಾವಣೆಗಳೆಂದರೆ ಇಂಥವೇ. ಮುಂದೆ ಅದೇ ದೇಶದ 376 ಕೇಂದ್ರಗಳಲ್ಲಿ ಬೇರೆ ಸಂಶೋಧಕರು ಇದನ್ನು ದೊಡ್ಡದಾಗಿ ಮಾಡಿ ನೋಡಿದಾಗ ಚಿಕಿತ್ಸೆಯ ಗುಣಮಟ್ಟ ಸುಧಾರಿಸಿತು, ಮಕ್ಕಳ ಸಾವು ಮಾತ್ರ ಇಳಿಯಲಿಲ್ಲ.

ನನಗೆ ಈ ಎರಡನೆಯ ಫಲಿತಾಂಶವೇ ಹೆಚ್ಚು ನಂಬಲರ್ಹವೆನಿಸುತ್ತದೆ. ನರ್ಸ್ ಹೊತ್ತಿಗೆ ಬರುವಂತೆ ಮಾಡುವುದು ಊರಿನ ಕೈಯಲ್ಲಿದೆ, ಔಷಧದ ಬಜೆಟ್ಟಾಗಲಿ ಖಾಲಿ ಹುದ್ದೆಯಾಗಲಿ ಅಲ್ಲಿ ತೀರ್ಮಾನವಾಗುವುದಿಲ್ಲ. ಹಾಗಾಗಿ ಜಿಲ್ಲಾ ಆರೋಗ್ಯಾಧಿಕಾರಿಯನ್ನೂ ಎದುರಿಗೆ ಕೂರಿಸದೆ ಈ ಸಭೆ ನಡೆಸಬಾರದು.